ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿರಲಿ

ಮಕ್ಕಳೇ, ಕಚೇರಿಯಲ್ಲಿ, ಕಾಲೇಜಿನಲ್ಲಿ, ಪಿಜಿಯಲ್ಲಿ ನಿಮ್ಮ ಸುತ್ತ ಇರುವವರಲ್ಲಿ ಹೆಚ್ಚಿನವರು ನಮ್ಮ ದೇವಾಲಯದ ಮೆಟ್ಟಿಲು ಹತ್ತಿದವರಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಇಬ್ಬರು ಕ್ರೈಸ್ತರೂ ಇಲ್ಲ. ನಿಮ್ಮ ಜೊತೆಯವರಲ್ಲಿ ಕೆಲವರು ಮನೆದೇವರಿಗೆ ಭಕ್ತಿಯಿಂದ ನಡೆದುಕೊಳ್ಳುವವರು, ಕೆಲವರು ದೇವರೇ ಇಲ್ಲ ಎನ್ನುವವರು, ಇನ್ನು ಕೆಲವರಿಗೆ ಆ ಗೊಡವೆಯೇ ಬೇಡ. ಇವರ ನಡುವೆ ಯೇಸುವಿನ ಮಾತನ್ನು ಹೇಗೆ ಆಡುವುದು ಎಂದು ಯೌವನಸ್ಥರ ಕೂಟದಲ್ಲಿ ಕೇಳುತ್ತೀರಿ. ಆಡಲೇಬೇಕೇ ಎಂದು ನೀವು ಕೇಳುತ್ತಿಲ್ಲ. ಅದೇ ನನಗೆ ಸಂತೋಷ.

ನಾನು ಹೇಳುವುದು ಒಂದೇ ಮಾತು. ಕೇಳುವವರಿಗೆ ಬೇಡವೆನಿಸಿದರೆ ಎದ್ದು ಹೋಗುವಂತಿರಬೇಕು. ಹಾಗೆ ಎದ್ದು ಹೋಗಲಾಗದವರ ಮುಂದೆ ಸುವಾರ್ತೆಯ ಮಾತು ತೆಗೆಯಬೇಡಿ.

ಇದನ್ನು ಕಲಿಸಿದವನು ಯೇಸುವೇ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಐಶ್ವರ್ಯವಂತನನ್ನು ನೆನೆಯಿರಿ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದಾಗ ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಯೇಸು ಅವನನ್ನು ಪ್ರೀತಿಸಿದ ಎಂದು ಮಾರ್ಕನು ಬರೆಯುತ್ತಾನೆ. ಆದರೂ ಬೆನ್ನಟ್ಟಿ ಹೋಗಲಿಲ್ಲ, ಅರ್ಧ ಮಾರಿದರೂ ಸಾಕು ಎಂದು ಚೌಕಾಸಿ ಮಾಡಲಿಲ್ಲ. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಅನೇಕ ಶಿಷ್ಯರು ಬಿಟ್ಟುಹೋದ ಮೇಲೆ, ಉಳಿದ ಹನ್ನೆರಡು ಮಂದಿಯನ್ನೂ ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದ. ಬಾಗಿಲನ್ನು ಅಷ್ಟು ಅಗಲ ತೆರೆದಿಟ್ಟವನ ಶಿಷ್ಯರು ನಾವು.

ಎದ್ದು ಹೋಗಲಾಗದವರು ಯಾರು? ನೀವು ಟೀಮ್ ಲೀಡ್ ಆಗಿದ್ದರೆ, ನಿಮ್ಮ ಕೈಯಿಂದ ಅಪ್ರೈಸಲ್ ಆಗಬೇಕಾದ ಹುಡುಗ. ಟ್ಯೂಷನ್ನಿಗೆ ಬರುವ ಮಗು. ನಿಮ್ಮಿಂದ ಸಾಲ ಪಡೆದ ಮನೆಯವರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರು. ಈ ಕೊನೆಯವರ ವಿಷಯದಲ್ಲಿ ನಮ್ಮವರು ಬಹಳ ಅವಸರ ಮಾಡುತ್ತಾರೆ. ನೋವಿನಲ್ಲಿರುವ ಮನುಷ್ಯ ಯಾವ ಆಸರೆ ಸಿಕ್ಕರೂ ಹಿಡಿದುಕೊಳ್ಳುತ್ತಾನೆ, ಅದನ್ನು ನಂಬಿಕೆ ಎಂದು ಎಣಿಸಬಾರದು. ಹಣ್ಣು ಕೊಡಿ, ರಾತ್ರಿ ಕಾವಲಿರಿ, ರಕ್ತ ಬೇಕಾದರೆ ಓಡಾಡಿ. ಅವರೇ ಪ್ರಾರ್ಥನೆ ಮಾಡಿ ಎಂದರೆ ಮೆಲ್ಲಗೆ ಮಾಡಿ. ಪ್ರಾರ್ಥಿಸಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಮಾತು ಕೊಡಬೇಡಿ, ಮಾತ್ರೆ ನಿಲ್ಲಿಸಿ ಎಂದು ಎಂದೂ ಹೇಳಬೇಡಿ. ಹೀಗೆ ವಾಸಿಯಾಯಿತು ಎನ್ನುವ ವಾಟ್ಸಾಪ್ ಸಾಕ್ಷಿಗಳನ್ನು ವಿಚಾರಿಸದೆ ಮುಂದೆ ಕಳಿಸುವುದು ಸುಳ್ಳುಸಾಕ್ಷಿಯೇ. ಅದು ಹತ್ತು ಆಜ್ಞೆಗಳಲ್ಲೇ ನಿಷಿದ್ಧ.

ಕಾನೂನನ್ನೂ ತಿಳಿದಿರಿ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತಮ್ಮ ಧರ್ಮವನ್ನು ಅನುಸರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆ ಹಕ್ಕಿನೊಳಗೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2022ರಲ್ಲಿ ನಮ್ಮ ರಾಜ್ಯದಲ್ಲೂ ಮತಾಂತರಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಇಂಥ ಕಾಯ್ದೆಗಳು ನಿರಪರಾಧಿಗಳ ಪ್ರಾರ್ಥನೆಗೂ ಭಯ ತರುತ್ತವೆ ಎಂಬುದು ನನ್ನ ಕಳವಳ. ಆದರೆ ಆಮಿಷ, ಬಲವಂತ, ಮೋಸ ಎಂಬ ಮಾತು ಬಂದಾಗ ನಾವು ಸಿಡುಕಬಾರದು. ಯಾವ ಕಾಯ್ದೆ ಇಲ್ಲದಿದ್ದರೂ ಇವು ಮೂರೂ ನಮಗೆ ಪಾಪ. ಮನಸ್ಸನ್ನು ಬದಲಿಸುವುದು ದೇವರ ಕೆಲಸ. ಅದಕ್ಕೆ ಅಕ್ಕಿಮೂಟೆಯ ಸಹಾಯ ಅವನಿಗೆ ಬೇಡ.

ಇನ್ನೊಂದು ಕೊರತೆಯನ್ನು ನಿಮ್ಮಲ್ಲಿ ಕಾಣುತ್ತೇನೆ. ಕೊಡುವ ಉತ್ಸಾಹ ಬಹಳ, ಪಡೆಯುವ ವಿನಯ ಕಡಿಮೆ. ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ಯೇಸು ಮೊದಲು ಕೇಳಿದ್ದು ಕುಡಿಯಲು ನೀರು. ನೀವೂ ನೆರೆಯವರ ಹಬ್ಬದೂಟಕ್ಕೆ ಹೋಗಿ. ಪೂಜೆಯಲ್ಲಿ ಸೇರಲು ಮನಸ್ಸಾಕ್ಷಿ ಒಪ್ಪದಿದ್ದರೆ ಕೈಮುಗಿದು ಹಾಗೆಂದೇ ಹೇಳಿ, ಸ್ನೇಹವಿದ್ದವರು ತಪ್ಪು ತಿಳಿಯುವುದಿಲ್ಲ. ಅವರು ನಂಬಿದ್ದನ್ನು ಅವರ ಬಾಯಿಂದಲೇ ಕೇಳಿ, ಅವರ ಗ್ರಂಥಗಳನ್ನೂ ಓದಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದವರೂ ಅವರೇ. ಅದೇ ಮಿಷನ್ನಿನ ಕಿಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ಅವರ ಮಹಾನಿಘಂಟು ಹೊರಬಂತು. ಆ ಕಾಲದ ಮಿಷನರಿಗಳು ಈ ನಾಡಿನ ದೇವರುಗಳ ಬಗ್ಗೆ ನೋವಾಗುವ ಮಾತುಗಳನ್ನೂ ಬರೆದಿದ್ದಾರೆ, ಅದನ್ನು ಮಾತ್ರ ಅನುಸರಿಸಬೇಡಿ. ಅವರ ಓದಿನ ಶ್ರದ್ಧೆ ನಿಮಗೆ ಬರಲಿ. ಇಂಗ್ಲಿಷ್ ಆರಾಧನಾ ಗೀತೆಗಳೆಲ್ಲ ಬಾಯಿಪಾಠ ಇರುವ ನಮ್ಮ ಹುಡುಗರಿಗೆ ಒಂದು ವಚನವೂ ಗೊತ್ತಿಲ್ಲದಿರುವುದು ನನಗೆ ದುಃಖದ ಸಂಗತಿ. ಪೌಲನು ಅಥೇನೆಯಲ್ಲಿ ಮಾತನಾಡುವ ಮುಂಚೆ ಊರನ್ನು ಸುತ್ತಿ ನೋಡಿದ್ದ, ಅವರ ಕವಿಗಳನ್ನು ಓದಿದ್ದ. ಆಗಲೂ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ಕೆಲವರು ನಂಬಿದರು.

ದೇವರಿಲ್ಲ ಎನ್ನುವ ಗೆಳೆಯ, ಹಾಗಾದರೆ ಕೂಸುಗಳು ಯಾಕೆ ಸಾಯುತ್ತವೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನಿ. ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಸರಿಯಾಗಿಯೇ ಇದ್ದರು. ಕಾರಣ ಹೇಳಲು ಹೊರಟ ಮೇಲೆ ದೇವರ ಕೋಪಕ್ಕೆ ಗುರಿಯಾದರು.

ಇಷ್ಟೆಲ್ಲ ಕೇಳಿ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂದುಕೊಳ್ಳಬೇಡಿ. ನಿನಗೆ ಈ ನೆಮ್ಮದಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುವ ದಿನ ಬರುತ್ತದೆ. ಆ ದಿನಕ್ಕೆ ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಉತ್ತರಿಸಿ ಎಂದು ಪೇತ್ರನು ತನ್ನ ಮೊದಲ ಪತ್ರದಲ್ಲಿ ಬುದ್ಧಿ ಹೇಳಿದ್ದಾನೆ. ಆಗ ನಾಚಿಕೊಳ್ಳದೆ, ಸಭೆಯ ಭಾಷೆ ಬಿಟ್ಟು ನಿಮ್ಮ ಮನೆಮಾತಿನಲ್ಲಿ, ಕ್ರಿಸ್ತನು ನಿಮಗೆ ಏನು ಮಾಡಿದ ಎಂಬುದನ್ನು ಚಿಕ್ಕದಾಗಿ ಹೇಳಿ. ಅವರು ಬೇಡವೆಂದರೆ, ಮರುದಿನವೂ ಅವರ ಪಕ್ಕದಲ್ಲೇ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತುಕೊಳ್ಳಿ.