ಕಿತ್ತಯ್ಯನ ಕಲ್ಲಿಗೆ ದಾರಿ ಯಾವುದು?

ಯಲಹಂಕದ ಓದುಗರೇ, ನೀವು ಕಟ್ಟಿದ ವಿಡಿಯೊ ಆಟವನ್ನು ಎರಡು ಸಂಜೆ ಆಡಿದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನ ಮೇಲೆ, ಅಂದರೆ ಕ್ರಿ.ಶ. 750ರ ಸುಮಾರಿನ ಶಾಸನದ ಮೇಲೆ, ಕಥೆ ಕಟ್ಟಿದ್ದು ಖುಷಿ ಕೊಟ್ಟಿತು. ಆದರೆ ಕೆರೆ ಏರಿ ಹತ್ತಲಾಗದೆ ಕಾಲು ಗಂಟೆ ಜಾರುತ್ತಲೇ ಇದ್ದೆ! ಆಟಗಾರರು ಬೈದರೆಂದು ಬೇಸರ ಬೇಡ. ಅವರೂ ಅಲ್ಲೇ ಜಾರಿದವರು.

ಆಟ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ, ಪಾತ್ರವನ್ನು ನಡೆಸುವ ಕ್ಯಾರೆಕ್ಟರ್ ಕಂಟ್ರೋಲರ್‌ನಲ್ಲಿ ನೀವು ಬದಲಿಸದಿದ್ದರೆ ಇಳಿಜಾರಿನ ಮಿತಿ 45 ಡಿಗ್ರಿ, ಮೆಟ್ಟಿಲಿನ ಮಿತಿ 0.3 ಮೀಟರ್. ಇಳಿಜಾರಿನ ಮಿತಿ ಹೆಚ್ಚಿಸಿದರೆ ಜನ ಹತ್ತಬಾರದ ಬಂಡೆಗಳನ್ನೂ ಹತ್ತುತ್ತಾರೆ. ಏರಿಯನ್ನೇ ತಗ್ಗಿಸಿ. ಗುಡಿಯ ಬಾಗಿಲು ತೆಗೆದುಹಾಕಿದ್ದೀರಿ, ಅದರ ಕೊಲೈಡರ್ (ಕಣ್ಣಿಗೆ ಕಾಣದ ತಡೆ) ಹಾಗೇ ಉಳಿದಂತಿದೆ. ಬರಿ ಗಾಳಿಗೆ ತಲೆ ಚಚ್ಚಿಕೊಂಡೆ. ಈಗಾಗಲೇ ಸಿಕ್ಕಿಕೊಂಡವರಿಗೆ ಊರಬಾಗಿಲಿಗೆ ವಾಪಸ್ ಕರೆತರುವ ಒಂದು ಬಟನ್ ಕೊಡಿ.

ಇನ್ನು ನಿಮ್ಮ ಆಟದ ಸೂಚನೆ: ‘ಹಿರಿಯರ ಮಾತು ನೆನೆದು ಕಲ್ಲನ್ನು ಹುಡುಕು’ ಚೆಂದದ ವಾಕ್ಯ, ಕೆಟ್ಟ ಕ್ವೆಸ್ಟ್. ಮೇಖ್ರಿ ಸರ್ಕಲ್‌ನಲ್ಲಿ ದಾರಿ ಕೇಳಿ ನೋಡಿ: ‘ಅಂಡರ್‌ಪಾಸ್‌ಗೆ ಇಳೀಬೇಡಿ, ಪಕ್ಕದಲ್ಲೇ ಬನ್ನಿ’ ಅಂತಾರೆ. ಹಾಗೆ ಬರೆಯಿರಿ: ‘ಏರಿ ದಾಟು, ಆಲದಮರದ ಎಡಕ್ಕೆ ಮೂರು ಕಲ್ಲು, ಹೂ ಏರಿಸಿದ್ದನ್ನು ಮುಟ್ಟು.’

ಆಮೇಲೆ ಆಟವೇ ಗೊತ್ತಿಲ್ಲದ ಅಮ್ಮನ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂತುಕೊಳ್ಳಿ.