ಚುರುಕಾದ ಮಗುವಿಗೆ ಮೂಳೆಯ ಕಾಯಿಲೆ: ಪೋಷಕರ ಕರ್ತವ್ಯ

ಪುಣೆ ಆಟೋಟಗಳ ನಗರ. ಖೊ-ಖೊ ಆಟದ ಮೊದಲ ನಿಯಮಾವಳಿ ರೂಪುಗೊಂಡದ್ದು 1914ರಲ್ಲಿ, ಇಲ್ಲಿಯ ಡೆಕ್ಕನ್ ಜಿಮಖಾನಾದಲ್ಲಿ. ಇಂತಹ ಊರಿನ ಬಯಲಿನಲ್ಲಿ ಸಂಜೆಯೆಲ್ಲ ಓಡಿ ಆಡುವ ಏಳೆಂಟು ವರ್ಷದ ಬಾಲಕನಿಗೆ, ಇನ್ನು ಕೆಲಕಾಲ ಓಡಬಾರದು, ಜಿಗಿಯಬಾರದು ಎಂದು ವೈದ್ಯರು ಹೇಳಿದರೆ ಮನೆಯವರು ಏನು ಮಾಡಬೇಕು? ಪರ್ಥಿಸ್ ಕಾಯಿಲೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ತಿಳಿಯೋಣ.

ಕಾಯಿಲೆಯ ಸ್ವರೂಪ

ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ಗುಂಡಗಿದ್ದು ಸೊಂಟದ ಕೀಲಿನ ಬಟ್ಟಲಿನಲ್ಲಿ ಕುಳಿತಿರುತ್ತದೆ. ಅದಕ್ಕೆ ರಕ್ತದ ಪೂರೈಕೆ ಕುಂಠಿತವಾದಾಗ ಮೂಳೆ ನಿರ್ಜೀವವಾಗಿ ದುರ್ಬಲಗೊಳ್ಳುತ್ತದೆ. ಕ್ರಮೇಣ ಹೊಸ ಮೂಳೆ ಬೆಳೆಯುತ್ತದೆ. ಇದಕ್ಕೆ ಸಾಮಾನ್ಯವಾಗಿ 2ರಿಂದ 4 ವರ್ಷ ಬೇಕು. ಈ ಅವಧಿಯಲ್ಲಿ ಚೆಂಡು ಚಪ್ಪಟೆಯಾದರೆ ಮುಂದೆ ಕೀಲು ಬೇಗ ಸವೆಯುವ ಸಂಭವವಿದೆ. ಆದುದರಿಂದಲೇ ಆಟಕ್ಕೆ ನಿರ್ಬಂಧ.

ಈ ಕಾಯಿಲೆ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಕರ್ನಾಟಕದ ಕರಾವಳಿಯಲ್ಲಿ ಇದು ಅಧಿಕವಾಗಿರುವುದನ್ನು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಅಧ್ಯಯನ ಮಾಡಿ ತೋರಿಸಿದರು. ಇದರ ನಿಖರ ಕಾರಣ ಇನ್ನೂ ತಿಳಿದಿಲ್ಲ. ತಾಯಿತಂದೆಯರ ಅಲಕ್ಷ್ಯದಿಂದ ಇದು ಬರುವುದಿಲ್ಲ. ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಗುರುತಿಸುವುದು ಹೇಗೆ?

ಮಗು ಕುಂಟುವುದೇ ಮೊದಲ ಚಿಹ್ನೆ. ದೋಷ ಸೊಂಟದ ಕೀಲಿನಲ್ಲಿದ್ದರೂ ನೋವು ತೊಡೆಯಲ್ಲಿ ಅಥವಾ ಮೊಣಕಾಲಿನಲ್ಲಿ ಕಾಣಬಹುದು. ಆಟ ತಪ್ಪೀತೆಂಬ ಭಯದಿಂದ ಮಗು ನೋವನ್ನು ಮರೆಮಾಚುವುದೂ ಉಂಟು. ಕುಂಟುವಿಕೆ ಕೆಲವು ದಿನಗಳಲ್ಲಿ ಹೋಗದಿದ್ದರೆ ಎಣ್ಣೆ ನೀವುತ್ತ ಕಾಲ ಕಳೆಯದೆ ಮೂಳೆತಜ್ಞರಲ್ಲಿ ತೋರಿಸಿ ಎಕ್ಸ್-ರೇ ತೆಗೆಸಬೇಕು. ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆರೋಗ ವಿಭಾಗವಿದೆ. ವಯಸ್ಸು ಮತ್ತು ಕಾಯಿಲೆಯ ಹಂತವನ್ನು ನೋಡಿ ವೈದ್ಯರು ವ್ಯಾಯಾಮ, ಊರುಗೋಲು, ಪ್ಲಾಸ್ಟರ್ ಅಥವಾ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ಮನೆಯಲ್ಲಿ ಮಾಡಬೇಕಾದುದು

“ಬೇಡ” ಎಂಬ ಒಂದೇ ಮಾತಿನಿಂದ ಮಗುವನ್ನು ಕಟ್ಟಿಹಾಕಲಾಗದು. ಅದು ಕದ್ದು ಓಡುತ್ತದೆ, ಇಲ್ಲವೇ ಮಂಕಾಗುತ್ತದೆ. ಮೂಳೆಯ ಚಿತ್ರ ಬರೆದು ಕಾರಣವನ್ನು ತಿಳಿಸಿರಿ. ಯಾವುದು ಕೂಡದು ಎಂಬುದರೊಡನೆ ಯಾವುದು ಆಗಬಹುದು ಎಂಬುದನ್ನೂ ವೈದ್ಯರಿಂದ ಕೇಳಿ ಬರೆದುಕೊಳ್ಳಿರಿ. ಕೀಲಿನ ಮೇಲೆ ಭಾರ ಬೀಳದ ಈಜನ್ನು ಅನೇಕ ವೇಳೆ ಅನುಮತಿಸುತ್ತಾರೆ. ಕೇರಂ, ಚದುರಂಗ, ತಬಲಾ ಇವುಗಳಿಗೂ ಅವಕಾಶವಿರಲಿ. ಶಾಲೆಯ ಶಿಕ್ಷಕರಿಗೆ ವೈದ್ಯರ ಚೀಟಿ ಕೊಟ್ಟು, ಆಟದ ವೇಳೆಯಲ್ಲಿ ಮಗುವನ್ನು ತರಗತಿಯಲ್ಲಿ ಒಂಟಿಯಾಗಿ ಕೂರಿಸದೆ ಅಂಕ ಬರೆಯುವ, ಸಮಯ ನೋಡುವ ಹೊಣೆ ಕೊಡುವಂತೆ ಕೇಳಿಕೊಳ್ಳಿರಿ. ಮನೆಯ ಇತರ ಮಕ್ಕಳ ಆಟವನ್ನು ನಿಲ್ಲಿಸಬೇಡಿರಿ. ಅದರ ಹೊರೆಯೂ ಈ ಮಗುವಿನ ಮನಸ್ಸಿನ ಮೇಲೆ ಬೀಳುತ್ತದೆ.

ಒಂದು ನಿದರ್ಶನ

ಸೇನೆಯಲ್ಲಿ ಮುಷ್ಟಿಯುದ್ಧ ಪಟುವಾಗಿದ್ದ ಮುರಳಿಕಾಂತ ಪೇಟಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದು ನಡೆಯುವ ಶಕ್ತಿಯನ್ನು ಕಳೆದುಕೊಂಡರು. ಬಳಿಕ ಈಜನ್ನು ಅಭ್ಯಾಸ ಮಾಡಿ, 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗೆದ್ದರು. ಮುಂದೆ ಅವರು ನೆಲೆಸಿದ್ದು ಪುಣೆಯ ಪರಿಸರದಲ್ಲಿ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಗಾಯ ಬೇರೆ, ಮಗುವಿನ ಕಾಯಿಲೆ ಬೇರೆ. ಎಲ್ಲ ಮಕ್ಕಳೂ ಪದಕ ಗೆಲ್ಲಬೇಕೆಂದೂ ಅಲ್ಲ. ಒಂದು ಆಟದ ಬಾಗಿಲು ಮುಚ್ಚಿದಾಗಲೂ ಆಡುವ ಮನಸ್ಸನ್ನು ಉಳಿಸಿಕೊಳ್ಳಬಹುದೆಂಬುದೇ ಇಲ್ಲಿಯ ಪಾಠ.

ಪರ್ಥಿಸ್ ಕಾಯಿಲೆಯ ಬಹುಪಾಲು ಮಕ್ಕಳು ಕಾಲಾನಂತರ ಮತ್ತೆ ಆಟಕ್ಕೆ ಮರಳುತ್ತಾರೆ. ಅಲ್ಲಿಯವರೆಗೆ ಮೂಳೆಯನ್ನು ವೈದ್ಯರು ನೋಡಿಕೊಳ್ಳಲಿ. ಮಗುವಿನ ಉತ್ಸಾಹವನ್ನು ಕಾಪಾಡುವುದು ಮನೆಯವರ ಹೊಣೆ.