ಬಿಡದ ಚಿಂತೆಯೂ ವೈದ್ಯನ ಸಹಾಯವೂ

(ಮನೆಕೂಟಗಳಿಗಾಗಿ ಪಾಠ. ಓದತಕ್ಕ ಭಾಗ: ಒಂದನೆಯ ಅರಸುಗಳು 19:1-8)



ಚಿಂತೆಯಿಲ್ಲದ ಮನೆಯು ಯಾವದು? ಮಳೆ ತಪ್ಪಿದರೆ ಒಕ್ಕಲಿಗನಿಗೆ ಚಿಂತೆ. ಸಾಲದ ವಾಯಿದೆ ಹತ್ತಿರವಾದರೆ ಮನೆಯ ಯಜಮಾನನಿಗೆ ಚಿಂತೆ. ಕೂಸಿಗೆ ಜ್ವರ ಬಂದರೆ ತಾಯಿಗೆ ಚಿಂತೆ. ಇಂಥ ಚಿಂತೆಯು ಕಾರಣವಿದ್ದು ಬರುತ್ತದೆ. ಕಾರಣ ತೀರಿದರೆ ಹೋಗುತ್ತದೆ. ಅದು ನಮ್ಮನ್ನು ಎಚ್ಚರಿಸಿ ಕೆಲಸಕ್ಕೆ ಹಚ್ಚುವದೂ ಉಂಟು. ಆದರೆ ಕಾರಣ ತೀರಿದ ಮೇಲೂ ಬಿಡದೆ, ಒಂದು ಹೋದರೆ ಮತ್ತೊಂದನ್ನು ಹಿಡಿದು, ತಿಂಗಳುಗಟ್ಟಲೆ ಮನಸ್ಸನ್ನು ಕೊರೆಯುವ ಚಿಂತೆಯು ಬೇರೊಂದುಂಟು. ಅದು ರೋಗವು; ಅದಕ್ಕೆ ಚಿಕಿತ್ಸೆಯೂ ಉಂಟು. ಇವೆರಡನ್ನು ವಿಂಗಡಿಸಿ ತಿಳಿಯುವದೇ ಈ ಪಾಠದ ಉದ್ದೇಶವು.

1. ಇದು ನಂಬಿಕೆಯ ಕೊರತೆಯೋ?

ಚಿಂತೆಯನ್ನು ಬಿಟ್ಟು ಪ್ರಾರ್ಥಿಸಬೇಕೆಂದು ಪೌಲನು ಫಿಲಿಪ್ಪಿಯವರಿಗೆ ಬುದ್ಧಿ ಹೇಳಿದನು. ಈ ಮಾತನ್ನು ಹಿಡಿದು ಕೆಲವರು, “ನಿನಗೆ ನಂಬಿಕೆ ಸಾಲದು, ಆದದರಿಂದಲೇ ಹೀಗಾಯಿತು” ಎಂದು ಬಳಲಿದವನ ತಲೆಯ ಮೇಲೆ ಇನ್ನೊಂದು ಹೊರೆಯನ್ನು ಇಡುತ್ತಾರೆ. ಆಗ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ; ರೋಗವು ಒಳಗೆ ಬೆಳೆಯುತ್ತದೆ. ಆದರೆ ಸಭೆಗಳ ಚಿಂತೆಯು ತನ್ನನ್ನೂ ದಿನಾಲು ಒತ್ತುತ್ತಿತ್ತೆಂದು ಅದೇ ಪೌಲನು ಕೊರಿಂಥದವರಿಗೆ ಮರೆಮಾಜದೆ ತಿಳಿಸಿದನು. ಅವನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನು. ಪೌಲನು ಪ್ರಾರ್ಥನೆಯನ್ನೂ ಬಿಡಲಿಲ್ಲ, ವೈದ್ಯನನ್ನೂ ದೂರ ಮಾಡಲಿಲ್ಲ.

ಎಲೀಯನನ್ನು ನೋಡಿರಿ. ಈಜೆಬೆಲಳ ಬೆದರಿಕೆಗೆ ಅಂಜಿ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾವನ್ನೇ ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ. ಅವನು ನಿದ್ದೆಮಾಡಿದನು, ದೂತನು ಎರಡು ಸಾರಿ ಎಬ್ಬಿಸಿ ಉಣ್ಣಲಿಕ್ಕೆ ಹೇಳಿದನು. ಹೋರೇಬಿನಲ್ಲಿ ದೇವರು ಮಾತಾಡಿದ್ದು ತರುವಾಯ.

2. ಒಬ್ಬ ಕೀರ್ತನಕಾರನ ಚರಿತ್ರೆ

ಇಂಗ್ಲೆಂಡಿನ ಕೀರ್ತನಕಾರನಾದ ವಿಲಿಯಂ ಕೂಪರನಿಗೆ 1763ರಲ್ಲಿ ಪ್ರಭುಸಭೆಯಲ್ಲಿ ಒಂದು ಗುಮಾಸ್ತಿಕೆ ದೊರೆಯುವದಿತ್ತು. ಅದಕ್ಕಾಗಿ ಪ್ರಭುಗಳ ಮುಂದೆ ಪರೀಕ್ಷೆಗೆ ನಿಲ್ಲಬೇಕಾಯಿತು. ಆ ಪರೀಕ್ಷೆಯ ಭಯವು ಅವನನ್ನು ತಿಂಗಳುಗಟ್ಟಲೆ ಕೊರೆದು, ಕಡೆಗೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಲು ಯತ್ನಿಸುವಷ್ಟಕ್ಕೆ ಒಯ್ದಿತು. ಬಂಧುಗಳು ಅವನನ್ನು ಸೆಂಟ್ ಆಲ್ಬನ್ಸ್ ಪಟ್ಟಣದಲ್ಲಿ ಮನೋರೋಗಿಗಳನ್ನು ಆರೈಕೆಮಾಡುತ್ತಿದ್ದ ನಥಾನಿಯೇಲ್ ಕಾಟನ್ ಎಂಬ ವೈದ್ಯನ ಕೈಗೆ ಒಪ್ಪಿಸಿದರು. ಅಲ್ಲಿ ಅವನು 1765ರ ವರೆಗೆ ಇದ್ದನು. ಆ ವೈದ್ಯನ ಮನೆಯಲ್ಲಿರುವಾಗಲೇ, 1764ರಲ್ಲಿ, ಸತ್ಯವೇದವನ್ನು ಓದುತ್ತಾ ಕ್ರಿಸ್ತನಲ್ಲಿ ಸಮಾಧಾನ ಹೊಂದಿದನು.

ತರುವಾಯ ಅವನು ಜಾನ್ ನ್ಯೂಟನ್ ಬೋಧಕನ ಸಂಗಡ ಕೀರ್ತನೆಗಳನ್ನು ರಚಿಸಿದನು. ಅವು 1779ರಲ್ಲಿ ಅಚ್ಚಾದವು. ಆದರೆ ಅದಕ್ಕೆ ಮುಂಚೆ, 1773ರಲ್ಲಿ, ರೋಗವು ತಿರಿಗಿ ಬಂದಿತ್ತು. ಆಗ ನ್ಯೂಟನನು ಅವನನ್ನು ಒಂದು ವರುಷಕ್ಕಿಂತ ಹೆಚ್ಚು ಕಾಲ ತನ್ನ ಮನೆಯಲ್ಲಿಟ್ಟುಕೊಂಡು ಕಾಪಾಡಿದನು. ನಂಬಿಕೆಯುಳ್ಳವನಿಗೂ ಈ ರೋಗ ಬರಬಹುದು, ವಾಸಿಯಾಗಿ ಮರಳಿಯೂ ಬರಬಹುದು ಎಂಬದಕ್ಕೆ ಇವನೇ ಸಾಕ್ಷಿ.

3. ಯಾವಾಗ ವೈದ್ಯನ ಬಳಿಗೆ ಹೋಗಬೇಕು?

ಐದು ಗುರುತುಗಳನ್ನು ನೆನಪಿಡಿರಿ.

(ಅ) ಕಾಲ. ಅನೇಕ ವಿಷಯಗಳ ಚಿಂತೆಯು 6 ತಿಂಗಳು ಹೆಚ್ಚುಕಡಿಮೆ ಪ್ರತಿದಿನವೂ ಇದ್ದರೆ ವೈದ್ಯರು ಅದನ್ನು ರೋಗವೆಂದು ಎಣಿಸುವದುಂಟು. ಆದರೆ ಮುಂದಿನ ಗುರುತುಗಳು ಕಂಡರೆ ಅಷ್ಟು ಕಾಲ ಕಾಯಬೇಡಿರಿ.

(ಆ) ಹಿಡಿತ. ಬಿಡಬೇಕೆಂದರೂ ಬಿಡಲಾಗದೆ, ಪ್ರಾರ್ಥಿಸುವಾಗಲೂ ಅದೇ ಯೋಚನೆ ಸುತ್ತುತ್ತಿರುವದು.

(ಇ) ದೇಹ. ನಿದ್ದೆ ಬಾರದಿರುವದು, ಎದೆ ಡವಗುಟ್ಟುವದು, ಕೈನಡುಕ, ಬೆವರು, ಕತ್ತು ಹೆಗಲುಗಳ ಬಿಗಿತ, ತೀರದ ದಣಿವು.

(ಈ) ಕೆಲಸ. ಹೊಲಕ್ಕೋ ಶಾಲೆಗೋ ಸಂತೆಗೋ ಆಲಯಕ್ಕೋ ಹೋಗಲಾರದೆ ಮನೆಯಲ್ಲೇ ಉಳಿಯುವದು.

(ಉ) ಕೆಟ್ಟ ಆಸರೆ. ಭಯವನ್ನು ಅಡಗಿಸಲಿಕ್ಕೆ ಕುಡಿಯುವದು, ವೈದ್ಯನ ಚೀಟಿಯಿಲ್ಲದೆ ನಿದ್ದೆಯ ಗುಳಿಗೆ ನುಂಗುವದು.

ಇವೆಲ್ಲಕ್ಕಿಂತ ತುರ್ತಾದದ್ದು ಒಂದುಂಟು. ಒಬ್ಬನು ಸಾಯುವ ಮಾತನ್ನಾಡಿದರೆ ಅದನ್ನು ಬರೀ ಮಾತೆಂದು ತಳ್ಳಬೇಡಿರಿ. ಅವನನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕ ಔಷಧವನ್ನು ದೂರ ಮಾಡಿ, ಆ ದಿನವೇ ದವಾಖಾನೆಗೆ ಕರೆದುಕೊಂಡು ಹೋಗಿರಿ.

4. ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡಿದರೂ ಎದೆ ಡವಗುಟ್ಟಿ ಕೈ ನಡುಗುವದುಂಟು. ಇದನ್ನು ರಕ್ತದ ಪರೀಕ್ಷೆಯಿಂದ ತಿಳಿಯುತ್ತಾರೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಬಹುದು. ಧಾರವಾಡದಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇದಕ್ಕಾಗಿಯೇ ದೊಡ್ಡ ಆಸ್ಪತ್ರೆಗಳುಂಟು. ದೂರ ಹೋಗಲಾರದವರು 14416 ಎಂಬ ಸಂಖ್ಯೆಗೆ ಫೋನ್ ಮಾಡಬಹುದು. ಸರಕಾರವು 2022ರಲ್ಲಿ ಆರಂಭಿಸಿದ ಈ ಟೆಲಿ ಮಾನಸ್ ಸೇವೆಯು ಹಗಲಿರುಳು ಧರ್ಮಾರ್ಥವಾಗಿ ನಡೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ಚಿಕಿತ್ಸೆಯು ಎರಡು ವಿಧ. ಒಂದು ಮಾತಿನ ಚಿಕಿತ್ಸೆ: ಭಯ ಹುಟ್ಟಿಸುವ ಯೋಚನೆಯನ್ನು ಪರೀಕ್ಷಿಸಲಿಕ್ಕೂ, ಅಂಜಿ ಬಿಟ್ಟ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ತಿರಿಗಿ ಹಿಡಿಯಲಿಕ್ಕೂ ಅದರಲ್ಲಿ ಕಲಿಸುತ್ತಾರೆ. ಇನ್ನೊಂದು ಔಷಧ: ಅದು ಗುಣ ತೋರಿಸಲಿಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ನಾಲ್ಕು ದಿನ ತೆಗೆದುಕೊಂಡು ಫಲವಿಲ್ಲವೆಂದಾಗಲಿ, ನೆಟ್ಟಗಾದೆನೆಂದಾಗಲಿ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

5. ಸಭೆಯ ಕರ್ತವ್ಯ

ಕಾಲು ಮುರಿದವನಿಗಾಗಿ ಪ್ರಾರ್ಥಿಸಿ ಅವನನ್ನು ಆಸ್ಪತ್ರೆಗೂ ಒಯ್ಯುತ್ತೇವಲ್ಲಾ. ಮನಸ್ಸು ನೊಂದವನಿಗೂ ಹಾಗೆಯೇ ಮಾಡೋಣ. ಹಿರಿಯರೇ, ಅವನ ಗುಟ್ಟನ್ನು ಊರ ಬಾಯಿಗೆ ಹಾಕಬೇಡಿರಿ. ತಾಯಂದಿರೇ, ಸೊಸೆಯ ಬಳಲಿಕೆಯನ್ನು ಸೋಮಾರಿತನವೆಂದು ಹಳಿಯಬೇಡಿರಿ. ಒಬ್ಬರು ಬಸ್ಸಿನಲ್ಲಿ ಜೊತೆಗೆ ಹೋಗಲಿ. ಒಬ್ಬರು ಆ ದಿನ ಅವನ ದನಗಳನ್ನು ನೋಡಿಕೊಳ್ಳಲಿ. ಪ್ರಾರ್ಥನೆಯು ಮನೆಯಲ್ಲಿಯೂ ನಡೆಯಲಿ, ದವಾಖಾನೆಯ ದಾರಿಯಲ್ಲಿಯೂ ನಡೆಯಲಿ.

ಕೂಟದಲ್ಲಿ ಮಾತಾಡಲಿಕ್ಕೆ ಪ್ರಶ್ನೆಗಳು

1. ದೇವರು ಎಲೀಯನೊಡನೆ ಮಾತಾಡುವದಕ್ಕೆ ಮುಂಚೆ ಅವನಿಗೆ ಏನೇನು ದೊರೆಯಿತು?
2. ನ್ಯೂಟನನು ಕೂಪರನಿಗೆ ಮಾಡಿದ್ದನ್ನು ನಮ್ಮ ಊರಲ್ಲಿ ಯಾರು ಯಾರಿಗೆ ಮಾಡಬಲ್ಲರು?
3. ನಮ್ಮ ಸಭೆಯಲ್ಲಿ ಕೆಲವು ವಾರಗಳಿಂದ ಕಾಣದಿರುವವರು ಯಾರು? ಅವರನ್ನು ಈ ವಾರ ಯಾರು ಕಂಡುಬರುವರು?